ಮುಳ್ಳುಹಂದಿಯ ಪೊದೆ

"ಮುಳ್ಳುಹಂದಿ ಬರುತ್ತೆ ಅಂತ ಕ್ಯಾಮೆರಾ ಕಟ್ಟಿದ್ರೆ ನೀನ್ಯಾಕೆ ಬಂದು ಕೂತ್ಯೇ, ದರಿದ್ರ ಮುಂಡೆ?"

ಪಾರ್ಕಿನ ಸೂಪರ್‌ವೈಸರ್ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಪೊದೆ, ಪೊದೆಯ ಬುಡದಲ್ಲಿ ಬಟ್ಟೆ ಎತ್ತಿ ಕೂತ ನನ್ನ ಅತ್ತಿಗೆ. ಪೊರಕೆಯನ್ನು ಮಾತ್ರ ಮರ್ಯಾದೆಯಿಂದ ಮರಕ್ಕೆ ಒರಗಿಸಿದ್ದಳು.

ಪಾರ್ಕ್ ಗೆಳೆಯರ ಬಳಗದ ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಪಾಪ, ಅದು ಹೆದರಿರುತ್ತೆ. ಬಹಳ ಸಂಕೋಚದ ಪ್ರಾಣಿ," ಎಂದರು. ಮುಳ್ಳುಹಂದಿಯ ಬಗ್ಗೆ.

"ನಂಗೆ ಸಕ್ಕರೆ ಕಾಯಿಲೆ ಸಾರ್, ತಡ್ಕೊಳಕ್ಕಾಗಲ್ಲ," ಎಂದಳು ಅತ್ತಿಗೆ. "ಆ ಟಾಯ್ಲೆಟ್ ದಿನಾ ನಾವೇ ತೊಳೀತೀವಲ್ಲ, ಒಂದ್ಸಲ..."

"ಅದು ಟಿಕೆಟ್ ತಗೊಂಡು ಬರೋರಿಗೆ."

"ಮತ್ತೆ ನಾವೆಲ್ಲಿ ಹೋಗೋದು?" ನಾನು ಕೇಳಿದೆ.

"ಮನೇಲಿ ಮುಗಿಸ್ಕೊಂಡು ಬನ್ನಿ. ಇದೇನು ನಿಮ್ಮಪ್ಪನ ಹಿತ್ತಲಾ?"

ಹಿತ್ತಲೇ ಆಗಿತ್ತು. ಬೇಲಿ ಹಾಕುವ ಮುಂಚೆ ಆ ಪೊದೆಯ ಪಕ್ಕದಲ್ಲೇ ನಮ್ಮ ಮನೆಯಿತ್ತು. ಅದನ್ನು ಕೆಡವಿ, 'ಮನುಷ್ಯರ ಕೈ ಸೋಕದ ಸಹಜ ಕಾಡು' ಎಂದು ಬೋರ್ಡು ನೆಟ್ಟರು. ಕಂಬಕ್ಕೆ ಗುಂಡಿ ತೋಡಿದವನು ನನ್ನ ಅಣ್ಣ.

"ಇನ್ನೊಂದು ಫೋಟೊ ಸಿಕ್ರೆ ಇಬ್ರೂ ಕೆಲಸ ಬಿಡಬೇಕಾಗುತ್ತೆ. ಹೋಗಿ, ಟಾಯ್ಲೆಟ್ ತೊಳೀರಿ. ಜಾಗಿಂಗ್ ಓಡೋರು ಬರೋ ಹೊತ್ತಾಯ್ತು."

ತೊಳೆದೆವು. ಹೊರಗೆ ಅಧ್ಯಕ್ಷೆಯ ನಾಯಿ ಅದೇ ಬೋರ್ಡಿನ ಕಂಬಕ್ಕೆ ಕಾಲೆತ್ತಿತ್ತು. "ಆಯ್ತಾ ಚಿನ್ನಾ? ಅವಸರ ಇಲ್ಲ, ನಿಧಾನಕ್ಕೆ," ಎನ್ನುತ್ತ ಅವರು ಕಾದು ನಿಂತರು.

ಅತ್ತಿಗೆ ಬಕೆಟ್ ಕೆಳಗಿಟ್ಟು ಗೋಡೆ ಹಿಡಿದುಕೊಂಡಳು. "ಇಲ್ಲೇ ಆಗೋಗುತ್ತೆ ಕಣೇ."

"ಒಳಗೆ ಹೋಗು ಅತ್ತಿಗೆ."

"ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ಮೊದ್ಲು ನೀನು ಹೋಗು."

ಅವಳು ಒಳಗಿಂದ ಚಿಲಕ ಹಾಕಿಕೊಂಡಳು. ಹಕ್ಕಿ ನೋಡುವವರ ಅಟ್ಟಣಿಗೆಗೆ ನೇತುಹಾಕಿದ್ದ ಸೂಚನೆಯ ಹಲಗೆಯೊಂದನ್ನು ನಾನು ದಿನಾ ಒರೆಸುತ್ತಿದ್ದೆ. ಅದನ್ನು ಬಿಚ್ಚಿ ತಂದು ಟಾಯ್ಲೆಟ್ ಬಾಗಿಲಿಗೆ ಸಿಕ್ಕಿಸಿ, ಪೊರಕೆ ಅಡ್ಡ ಹಿಡಿದು ನಿಂತೆ.

ಓಡುವವರು ಬೆವರುತ್ತ ಬಂದು ಸಾಲು ನಿಂತರು. ಸೂಪರ್‌ವೈಸರ್ ಓಡಿ ಬಂದು ಬಾಗಿಲು ಗುದ್ದಿದ. "ಯಾವಳೇ ಒಳಗೆ? ಬಾರೇ ಆಚೆ, ಲೌಡಿ."

ನಾನು ಹಲಗೆ ತೋರಿಸಿದೆ. ಅವನು ಓದಲಿಲ್ಲ. ಹಿಂದಿದ್ದ ಅಧ್ಯಕ್ಷೆ ಅಭ್ಯಾಸಬಲದಿಂದ, ದನಿ ತಗ್ಗಿಸಿ, ಓದಿಬಿಟ್ಟರು: "ಸದ್ದು ಮಾಡಬೇಡಿ. ಅವು ತಾವಾಗಿ ಹೊರಬರುವವರೆಗೆ ಕಾಯಿರಿ."

ಒಳಗೆ ನಲ್ಲಿ ತಿರುಗಿದ ಸದ್ದಾಯಿತು. ಅತ್ತಿಗೆಗೆ ಅವಸರವಿದ್ದಂತೆ ಕಾಣಲಿಲ್ಲ.

ಸಾಲಿನ ಕೊನೆಯಲ್ಲಿದ್ದವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಪೊದೆಯ ಕಡೆ ಕಣ್ಣು ಹಾಯಿಸತೊಡಗಿದ.

"ಹೋಗಿ ಸಾರ್," ಅಂದೆ. "ಅಲ್ಲಿ ಫೋಟೊ ಚೆನ್ನಾಗಿ ಬರುತ್ತೆ."