ನೀಲವ್ವನ ಇಂಗ್ಲಿಷ್ ಒಡಪು

ನಾನು ಒಂದು ಇಂಗ್ಲಿಷ್ ಗೈಡು. ಗದಗಿನ ಅಚ್ಚುಕೂಟವೊಂದರಲ್ಲಿ ಹುಟ್ಟಿದೆ. ಹೊಟ್ಟೆ ತುಂಬ ನುಡಿಗಟ್ಟು, ವಿರಾಮಚಿಹ್ನೆ, ಮಾದರಿ ಪ್ರಬಂಧ. ಮೊದಲು ಕೊಂಡವನು ಒಬ್ಬ ಕಂಪೌಂಡರ್. ಅವನು ಓದಿದ್ದು ನಾಲ್ಕು ಹಾಳೆ, ಗುಳಿಗೆ ಕಟ್ಟಲು ಹರಿದದ್ದು ಹದಿನಾರು. ಆಮೇಲೆ ರದ್ದಿ ಅಂಗಡಿ ಸೇರಿದೆ. ಅಲ್ಲಿಂದ ಎತ್ತಿ, ಸೆರಗಿನಿಂದ ಒರೆಸಿ, ಮನೆಗೆ ತಂದವಳು ನೀಲವ್ವ.

ಕೆರೂರಿನ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಕೂಸುಗಳನ್ನು ಕರೆತರುವುದು, ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು ಅವಳ ಪಾಲು. ಹತ್ತನೇ ಇಯತ್ತೆ ಪಾಸಾದರೆ ಅಲ್ಲೇ ಟೀಚರ್ ಆಗಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಎರಡು ಸಲ ನಪಾಸು. ಈ ಸಲವೂ ಆಗದಿದ್ದರೆ ಆ ಜಾಗಕ್ಕೆ ಬೇರೆ ಊರಿನವರು ಬರುತ್ತಿದ್ದರು.

ನನ್ನನ್ನು ಅವಳು ಬೀಸುವ ಪದದ ಹಾಗೆ ಬಾಯಿಪಾಠ ಮಾಡುತ್ತಿದ್ದಳು. ಪದದಲ್ಲಿ ಒಂದು ನುಡಿ ಸಿಕ್ಕಿಕೊಂಡರೆ ಮುಂದಿನದೂ ಬರುವುದಿಲ್ಲ ನೋಡಿ. 'ನನ್ನ ಕುಟುಂಬ' ಪ್ರಬಂಧದ ಎರಡನೇ ಸಾಲಿನಲ್ಲೇ ಗಂಡನ ಹೆಸರು ಬರೆಯಬೇಕು. ಬಾಯಿಂದ ಆಡದ ಹೆಸರನ್ನು ಕೈಯಿಂದ ಬರೆದಾಳೆಯೇ? ಎರಡು ಸಲವೂ ಅಲ್ಲೇ ಪೆನ್ನು ನಿಂತು, ಗಂಟೆ ಹೊಡೆಯುವ ತನಕ ಕೂತು, ಎದ್ದು ಬಂದಿದ್ದಳು. ಯಾಕೆ ಹೀಗಾಯಿತೆಂದು ಗಂಡ ಕೇಳಿದರೆ, ಎಲ್ಲಾ ನಿಮ್ಮಿಂದಲೇ ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಪಾಪ, ಆತ ತನ್ನ ತಪ್ಪೇನೆಂದು ತಿಳಿಯದೆ ಚಹಾ ಆರಿಸಿಕೊಂಡು ಕೂರುತ್ತಿದ್ದ.

ಊರಲ್ಲಿ ನೂರಜಹಾನ್ ಅಕ್ಕೋರು ಇದ್ದರು, ನಿವೃತ್ತ ಮಾಸ್ತರಿಣಿ. ಮಧ್ಯಾಹ್ನ ತಮ್ಮ ಮನೆಯ ಕಟ್ಟೆಯ ಮೇಲೆ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಅವರು ಕೆದಕಿ ಕೆದಕಿ ಕಾರಣ ತಿಳಿದುಕೊಂಡರು, ನಗಲಿಲ್ಲ.

"ಮದವಿ ಮನ್ಯಾಗ ಒಡಪು ಹಾಕಿ ಗಂಡನ ಹೆಸರು ಹೇಳತೀಯಲ್ಲ?"

"ಅದು ಒಡಪು ಬಿಡ್ರಿ ಅಕ್ಕೋರ. ಅದಕ್ಕ ದೋಷ ಇಲ್ಲ."

"ಹಂಗಾರ ಇಂಗ್ಲಿಷಿನ್ಯಾಗ ಒಂದು ಒಡಪು ಹಾಕು."

ನೀಲವ್ವ ನನ್ನನ್ನು ಎದೆಗೆ ಒತ್ತಿಕೊಂಡಳು. ಒಡಪು ಕಟ್ಟುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಒಂದೇ ಅಳತೆಯ ಸಾಲುಗಳು, ಕಡೆಗೆ ಹೆಸರು.

"ದಿ ಹೌಸ್ ಈಸ್ ಸ್ಮಾಲ್, ದಿ ಯಾರ್ಡ್ ಈಸ್ ಕ್ಲೀನ್, ಮೈ ಹಸ್ಬೆಂಡ್ ಈಸ್ ಗುರುಸಿದ್ದಪ್ಪ."

ಕಟ್ಟೆಯ ಹೆಂಗಸರು ಹೋ ಎಂದು ನಕ್ಕರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕೋರು ಪಾಟಿಯ ಮೇಲೆ ಬರೆದು ತೋರಿಸಿದರು: ನೀನು ಉಸಿರು ತಗೊಂಡ ಕಡೆ ಅಲ್ಪವಿರಾಮ, ಇವರೆಲ್ಲ ನಕ್ಕ ಕಡೆ ಪೂರ್ಣವಿರಾಮ. ನಾನು ಎಂಟು ಪುಟ ಹೇಳಿ ಅರ್ಥ ಮಾಡಿಸಲಾಗದ್ದು ಅಷ್ಟರಲ್ಲಿ ಮುಗಿಯಿತು.

ಆ ಸಲ ಅವಳಿಗೆ ನಲವತ್ತೊಂದು ಅಂಕ ಬಂತು.

ಈಗ ನನ್ನ ರಟ್ಟು ಕಳಚಿದೆ. ಅಂಗನವಾಡಿಯ ಕಪಾಟಿನಲ್ಲಿ, ರವೆಯ ಚೀಲದ ಮಗ್ಗುಲಲ್ಲಿ ಬಿದ್ದುಕೊಂಡಿದ್ದೇನೆ. ಯಾರೂ ತೆರೆಯುವುದಿಲ್ಲ, ಬೇಸರವೂ ಇಲ್ಲ. ಪುಸ್ತಕಕ್ಕೆ ಮನಸಾರೆ ಓದಿದವರು ಒಬ್ಬರಿದ್ದರೆ ಸಾಕು. ಮುಂಜಾನೆ ನೀಲವ್ವ ಟೀಚರ್ ಹಾಜರಿ ತೆಗೆಯುವುದು ಕೇಳಿಸುತ್ತದೆ. ಪಟ್ಟಿಯಲ್ಲಿ ಏಳನೆಯವನು ಮೂರು ವರ್ಷದ ಪೋರ, ಗಂಡನ ಹೆಸರಿನವನೇ. ಮೊದಲಾಗಿದ್ದರೆ 'ಏ ಕೆಂಪಂಗಿ' ಎಂದು ಕರೆದು ದಾಟಿಸುತ್ತಿದ್ದಳೋ ಏನೋ. ಈಗ ಆರನೆಯ ಹೆಸರಾದ ಮೇಲೆ ಒಂದು ಉಸಿರು ನಿಲ್ಲುತ್ತಾಳೆ. ಆಮೇಲೆ ಗಟ್ಟಿಯಾಗಿ ಕೂಗುತ್ತಾಳೆ.

"ಗುರುಸಿದ್ದಪ್ಪ."

"ಬಂದೀನ್ರಿ ಅಕ್ಕೋರ," ಅನ್ನುತ್ತದೆ ಕೂಸು.