ತೆಂಕಣ ಗೋಡೆಯ ಭೂಪಟ

ಹಾಲಿ ಎಂಬ ಹುಡುಗಿ ಪಾಠ ಒಪ್ಪಿಸುತ್ತಿದ್ದಳು. ಭದ್ರಾ ನದಿಯು ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಅವಳ ತಾಯಿ ಹುಲಿಗೆಮ್ಮ, ಆ ಹೊಳೆ ಎಲ್ಲಿದೆ ಎಂದು ಕೇಳಿದಳು. ಪುಸ್ತಕದಲ್ಲಿದೆ ಎಂದಳು ಮಗಳು. ಹಾಗಾದರೆ ದಿನಾ ಬಟ್ಟೆ ಒಗೆಯಲು ಹೋಗುವುದು ಯಾವ ಹೊಳೆಗೆ ಎಂದರೆ, ಅದು ನಮ್ಮ ಹೊಳೆ, ಪುಸ್ತಕದ್ದು ಬೇರೆ ಎಂದು ಎಂಟು ವರ್ಷದ ಹುಡುಗಿ ತಾಯಿಯನ್ನೇ ತಿದ್ದಿದಳು.

ಹುಲಿಗೆಮ್ಮನ ಮೈ ಉರಿಯಿತು. ಎರಡು ವರ್ಷದಿಂದ ಕೂಲಿಯವರ ಮನೆಗಳ ಲೈನಿನ ಶಾಲೆಗೆ ಕಳಿಸಿದ್ದು ಇದಕ್ಕೇ ಏನು? ಇನ್ನು ಹದಿನೈದು ದಿನಕ್ಕೆ ಶಿವಮೊಗ್ಗೆಯಲ್ಲಿ ಪರೀಕ್ಷೆ. ಕೋಟೆಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಊಟ ಹಾಕಿ ಓದಿಸಲು ಹನ್ನೆರಡು ಮಕ್ಕಳನ್ನು ಆರಿಸುತ್ತಾರೆ ಎಂದು ಸುದ್ದಿ ಬಂದಿತ್ತು. ಹಾಲಿಗೆ ಅಲ್ಲಿ ಜಾಗ ಸಿಗದಿದ್ದರೆ ಶಾಲೆ ಸಾಕು, ಕಾರ್ಖಾನೆಯ ಅದಿರಿನ ರಾಶಿಯ ಹತ್ತಿರ ಆಳುಗಳಿಗೆ ನೀರು ಕೊಡಲಿ ಎಂದು ಗಂಡ ಭೂತಪ್ಪ ಮೇಸ್ತ್ರಿಯ ಹತ್ತಿರ ಮಾತಾಡಿಯೂ ಬಂದಿದ್ದ. ನೀರಿನ ಕೊಡ ಎಂದು ಶುರುವಾದದ್ದು ಅದಿರಿನ ಬುಟ್ಟಿ ಆಗುವುದಕ್ಕೆ ಎಷ್ಟು ದಿನ ಬೇಕೆಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಗೋಡೆಗಳು ಏಳುತ್ತಿದ್ದಾಗ ಒಂಬತ್ತು ವರ್ಷದವಳಾಗಿ ಅವಳೂ ನೀರು ಹೊರಲೆಂದೇ ಹೋಗಿದ್ದಳು. ಬುಟ್ಟಿ ಹೊತ್ತು ಹೊತ್ತು ಈಗ ನಡುನೆತ್ತಿಯಲ್ಲಿ ಕೂದಲಿಲ್ಲ.

ಮುದ್ದೆಯನ್ನು ಅಲ್ಲಿಗೇ ಬಿಟ್ಟು ಮಗಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು. ಹೊತ್ತು ಆಗ ತಾನೇ ಮೂಡುತ್ತಿತ್ತು. ಅದಕ್ಕೆ ಮುಖ ಮಾಡಿ ನಿಲ್ಲಿಸಿ, ಮುಂದಿರುವುದು ಮೂಡಲು, ಬೆನ್ನಿಗಿರುವುದು ಪಡುವಲು, ಬಲಗೈ ತೆಂಕಲು, ಎಡಗೈ ಬಡಗಲು ಎಂದಳು. ಪುಸ್ತಕದಲ್ಲಿ ಪೂರ್ವ ಪಶ್ಚಿಮ ಅಂತ ಇದೆ ಎಂದಿತು ಮಗು. ಹೆಸರು ಏನಾದರೂ ಇಟ್ಟುಕೋ, ಜಾಗ ಮಾತ್ರ ಬದಲಾಯಿಸಬೇಡ ಎಂದು ಗದರಿದಳು.

ಓದು ಬಾರದ ಹುಲಿಗೆಮ್ಮನಿಗೆ ತಾನು ಹೊತ್ತ ಕಲ್ಲುಗಳು ಯಾವ ದಿಕ್ಕಿನಿಂದ ಬರುತ್ತವೆ ಎಂಬುದು ಗೊತ್ತಿತ್ತು. ಮಾರನೆಯ ದಿನ ಕೆಲಸದಿಂದ ಬರುವಾಗ ಸೆರಗಿನ ತುದಿಯಲ್ಲಿ ಮೂರು ಚೂರು ಕಟ್ಟಿಕೊಂಡು ಬಂದಳು. ಕೆಂಪು ಅದಿರು, ಬಿಳಿ ಸುಣ್ಣಕಲ್ಲು, ಇದ್ದಿಲು. ಅಂಗಳದ ತೆಂಕಲ ತುದಿಯಲ್ಲಿ ಮಣ್ಣು ಗುಡ್ಡೆ ಹಾಕಿಸಿ ಅದರ ಮೇಲೆ ಅದಿರು ಇಡಿಸಿದಳು. ಅದು ಕೆಮ್ಮಣ್ಣುಗುಂಡಿಯ ಬೆಟ್ಟ. ಸುಣ್ಣಕಲ್ಲು ಮೂಡಲ ಗುಡ್ಡ. ಇದ್ದಿಲು ಪಡುವಲ ಕಾಡು. ಹಾಲಿ ಬೆರಳಲ್ಲಿ ಹೊಳೆ ತೋಡಿ ಚೊಂಬಿನಿಂದ ನೀರು ಬಿಟ್ಟಳು. ನೀರು ಕೂಡಲಿಗೆ ಹೋಗದೆ ನಡುದಾರಿಯಲ್ಲೇ ನಿಂತಿತು. ಇನ್ನೂ ಆಳ ತೋಡಿದರೂ ನಿಂತಿತು. ಕೊನೆಗೆ ಬಡಗಲ ಕಡೆಯ ಮಣ್ಣನ್ನು ತಾನೇ ಕೆತ್ತಿ ತಗ್ಗು ಮಾಡಿದಾಗ ಹೊಳೆ ಸರಸರನೆ ಹರಿಯಿತು. ಅವಳು ಬಗ್ಗಿದವಳು ಹಾಗೇ ತಲೆ ಎತ್ತಿ, ನಮ್ಮ ಹೊಳೆಯೂ ಅದಕ್ಕೇ ಆ ಕಡೆ ಹೋಗುತ್ತದಾ ಎಂದು ಕೇಳಿದಳು. ಆ ಹದಿನೈದು ದಿನದಲ್ಲಿ ಹುಲಿಗೆಮ್ಮ ನಕ್ಕದ್ದು ಅದೊಂದು ಸಲ. ವಾರ ಕಳೆಯುವಷ್ಟರಲ್ಲಿ ಶಿವಮೊಗ್ಗೆಯೂ ತುಂಗೆಯೂ ಬಂದವು. ದೂರದ ಚಿತ್ರದುರ್ಗಕ್ಕೆಂದು ಮೂಡಲ ಕಡೆ, ಪಕ್ಕದ ಮನೆಯ ಬೇಲಿಯ ಬುಡದಲ್ಲಿ ಒಂದು ಕಲ್ಲು ಕೂತಿತು.

ಪರೀಕ್ಷೆಯ ದಿನ ಬೆಳಗಿನ ರೈಲು ಹತ್ತಿ ತಾಯಿ ಮಗಳು ಶಿವಮೊಗ್ಗೆಗೆ ಹೋದರು. ಹೆತ್ತವರನ್ನು ಜಗಲಿಯಲ್ಲಿ ನಿಲ್ಲಿಸಿ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತಿತ್ತು. ತೆಂಕಣ ಗೋಡೆಗೆ ಮೈಸೂರು ಸೀಮೆಯ ದೊಡ್ಡ ಭೂಪಟ ನೇತುಹಾಕಿದ್ದರು. ಹಾಲಿ ಅದಕ್ಕೆ ಮುಖ ಮಾಡಿ ನಿಂತಳು. ಎಡಗಡೆಯ ಕಿಟಕಿಯಿಂದ ಬೆಳಗಿನ ಬಿಸಿಲು ಬಂದು ಅವಳ ಕೆನ್ನೆಯ ಮೇಲೆ ಬಿದ್ದಿತ್ತು.

ಲೆಕ್ಕ ಆಯಿತು, ಓದು ಆಯಿತು. ಹೊಳೆ ಯಾಕೆ ಉತ್ತರಕ್ಕೆ ಹರಿಯುತ್ತದೆ ಎನ್ನುವುದನ್ನು ಕೇಳದೆಯೇ ಹೇಳಿದಳು. ಆಮೇಲೆ ಹೆಡ್‌ಮೇಷ್ಟ್ರು, ಚಿತ್ರದುರ್ಗ ಇಲ್ಲಿಂದ ಯಾವ ದಿಕ್ಕಿಗೆ, ಕೈಯಲ್ಲಿ ತೋರಿಸು ಎಂದರು. ಪೂರ್ವಕ್ಕೆ ಎಂದು ಹಾಲಿ ಕಿಟಕಿಯ ಕಡೆ ಕೈ ಚಾಚಿದಳು. ಅವರು ಬೆತ್ತದ ತುದಿಯಿಂದ ಆ ಕೈಯನ್ನು ತಗ್ಗಿಸಿ, ಪಟದ ಬಲಭಾಗವನ್ನು ಕುಟ್ಟಿದರು. ಪಟದಲ್ಲಿ ಆ ಕಡೆ ಇರಬಹುದು, ಆದರೆ ಸೂರ್ಯ ಈ ಕಡೆ ಹುಟ್ಟಿದ್ದಾನಲ್ಲ ಎಂದಳು ಹುಡುಗಿ. ಪಟ ಇರಬೇಕಾದ ಗೋಡೆ ಇದಲ್ಲ, ಬೆನ್ನ ಹಿಂದಿನ ಬಡಗಲ ಗೋಡೆ ಎಂದೂ ಸೇರಿಸಿದಳು.

“ಯಾರೇ ನಿನಗೆ ಇದನ್ನೆಲ್ಲ ಹೇಳಿಕೊಟ್ಟೋರು?”

“ನಮ್ಮವ್ವ.”

“ಏನ್ಮಾಡ್ತಾಳೆ ನಿಮ್ಮವ್ವ?”

“ಅದಿರು ಹೊರ್ತಾಳೆ.”

“ಸರಿ ಹೋಯ್ತು. ಇನ್ಮೇಲೆ ಸೂರ್ಯ ನಿಮ್ಮವ್ವನ್ನ ಕೇಳ್ಕೊಂಡೇ ಹುಟ್ತಾನೆ ಬಿಡು.”

ಜಗಲಿಯಲ್ಲಿದ್ದವರು ನಕ್ಕರು. ಹುಲಿಗೆಮ್ಮ ಹೊಸಿಲು ದಾಟಿ ಒಳಗೆ ಹೋದಳು. ಪಟ ಇಳಿಸಿ ನೆಲದ ಮೇಲೆ ಹಾಸಿ, ಅದರ ತಲೆಯನ್ನು ಬಡಗಲಿಗೆ ತಿರುಗಿಸಿ ಎಂದು ಬೇಡಿದಳು. ಹಾಗೆ ಮಾಡಿದರೆ ಮಗಳು ಸೀಮೆಯ ಮೂಲೆ ಮೂಲೆಗೂ ಸರಿಯಾಗಿ ಕೈ ತೋರಿಸುತ್ತಾಳೆ ಎಂದಳು. ಸರ್ಕಾರದ ಪಟವನ್ನು ನೆಲಕ್ಕೆ ಹಾಕಿ ತುಳಿಯುವುದೇ, ನಿನಗೆ ಬುದ್ಧಿ ನೆಟ್ಟಗಿದೆಯೇ ಎಂದು ಮೇಷ್ಟ್ರು ಕೇಳಿದರು. ಕಿಟಕಿಯ ಕಡೆ ಅವರು ಒಂದು ಸಲ ನೋಡಿದ್ದನ್ನು, ನೋಡಿ ಬೇಗನೆ ಕಣ್ಣು ತಿರುಗಿಸಿದ್ದನ್ನು ಹುಲಿಗೆಮ್ಮ ಕಂಡಳು. ಗೊತ್ತಿದೆ ಈ ಮನುಷ್ಯನಿಗೆ. ಗೊತ್ತಿದ್ದೂ ಒಪ್ಪಲಾರ.

ಅವರು ಪಟ್ಟಿ ತಿರುವಿದರು. ಹುಡುಗಿ ಉಳಿದದ್ದಕ್ಕೆಲ್ಲ ಸರಿಯಾಗಿಯೇ ಹೇಳಿದ್ದಾಳೆ, ಇನ್ನು ಒಂದೇ ಜಾಗ ಇದೆ ಎಂದರು.

“ಬಲಗೈ ಎತ್ತಿ ಇದು ಪೂರ್ವ ಅಂತ ಹೇಳ್ಲಿ. ಹೆಸರು ಬರ್ಕೊಳ್ತೀನಿ.”

ಹಾಲಿ ತಾಯಿಯನ್ನು ನೋಡಿದಳು. ಹುಲಿಗೆಮ್ಮ ತನ್ನ ಅಂಗೈ ನೋಡಿಕೊಂಡಳು. ಎಷ್ಟು ಉಜ್ಜಿದರೂ ಹೋಗದ ಅದಿರಿನ ಕೆಂಪು ಅದರ ಗೆರೆಗಳಲ್ಲಿ ಕೂತಿತ್ತು. ಆ ಬೆತ್ತವನ್ನು ಕಿತ್ತು ಮುರಿಯಬೇಕು, ಪಟವನ್ನು ಗೂಟದ ಸಮೇತ ಎಳೆದು ಹಾಕಬೇಕು ಎನ್ನಿಸಿತು. ಎಳೆದು ಹಾಕಿದರೆ ನಾಳೆ ಬುಟ್ಟಿ ಹೊರುವ ತಲೆ ಯಾವುದು?

“ಹೇಳು ಹಾಲಿ,” ಎಂದಳು.

ಹುಡುಗಿ ಅಲುಗಲಿಲ್ಲ.

“ಹೇಳೇ ಮಾರಾಯ್ತಿ.”

ಹಾಲಿ ಬಲಗೈ ಎತ್ತಿ, ಇದು ಪೂರ್ವ ಎಂದಳು. ಮೇಷ್ಟ್ರು ಬರೆದುಕೊಂಡರು.

ಹಿಂದಿರುಗುವಾಗ ರೈಲಿನಲ್ಲಿ ಮಗಳು ತಾಯಿಯ ಪಕ್ಕ ಕೂರಲಿಲ್ಲ. ಕೊಡಿಸಿದ ಮಂಡಕ್ಕಿಯ ಪೊಟ್ಟಣ ಬಿಚ್ಚಲಿಲ್ಲ. ಮನೆಯಲ್ಲಿ ಭೂತಪ್ಪ, ಜಾಗ ಸಿಕ್ಕಿತೆಂದು ಕೇಳಿ ಮೊದಲ ಸಲ ಮಗಳನ್ನು ಹೊಗಳಿದ. ಬೆಲ್ಲ ತರುತ್ತೇನೆ ಎಂದು ಎದ್ದವನಿಗೆ, ಯಾರ ಬಾಯಿಗೆ ಬೇಕು ನಿನ್ನ ಬೆಲ್ಲ ಎಂದು ಹುಲಿಗೆಮ್ಮ ಕೂಗಿದಳು. ಅವನು ಏನೂ ತಿಳಿಯದೆ ಹಾಗೇ ಹೊರಟುಹೋದ.

ಅಷ್ಟರಲ್ಲಿ ಅಂಗಳದಲ್ಲಿ ಸದ್ದಾಯಿತು. ಹಾಲಿ ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ಕೆಮ್ಮಣ್ಣುಗುಂಡಿಯ ಮೇಲೆ ಬೋರಲು ಹಾಕಿದ್ದಳು. ಬೆಟ್ಟ ಕರಗಿತು. ಶಿವಮೊಗ್ಗೆ ಕೊಚ್ಚಿಹೋಯಿತು.

“ನಾಳೆ ಯಾವ ಕಡೆ ಹುಟ್ಬೇಕು ಅಂತ ಸೂರ್ಯನಿಗೆ ನೀನೇ ಹೇಳ್ಬಿಡವ್ವ,” ಎಂದಳು.

ಹುಲಿಗೆಮ್ಮನ ಕೈ ಮೇಲೆದ್ದಿತು. ಹುಡುಗಿ ಹಿಂದೆ ಸರಿಯಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಕೈ ಹಾಗೇ ಇಳಿಯಿತು.

“ಈ ಸಿಟ್ಟು ಬಿಡಬೇಡ,” ಎಂದಳು ತಾಯಿ. “ಆ ಪಟ ಕೈಗೆಟುಕೋಷ್ಟು ಎತ್ತರ ಆಗೋವರೆಗೂ ಇಟ್ಕೊ.”

ಹುಡುಗಿ ಖಾಲಿ ಕೊಡವನ್ನು ಕುಕ್ಕಿ ಒಳಗೆ ಹೋದಳು. ಕೆಂಪು ನೀರು ಸ್ವಲ್ಪ ಹೊತ್ತು ಅಂಗಳದ ನಡುವೆ ನಿಂತು, ಆಮೇಲೆ ಅವಳೇ ಕೆತ್ತಿದ್ದ ತಗ್ಗನ್ನು ಹುಡುಕಿಕೊಂಡು ಬಡಗಲಿಗೆ ಹರಿಯಿತು.