ಗಾಡಿ ನಿಲ್ಲಿಸುವ ಜಾಗ

“ವೋಟಿನ ದಿನ ಎರಡು ಸುತ್ತು ಹೊಡೆದೆ ಕಣಮ್ಮ ಮಾರ್ಲಿಸ್, ನಿನ್ನ ಸ್ಕೂಲಲ್ಲಿ ಗಾಡಿ ನಿಲ್ಲಿಸೋಕೆ ಒಂದು ಚೂರೂ ಜಾಗ ಇರಲಿಲ್ಲ,” ಎಂದ ಹೋಟೆಲಿನಲ್ಲಿ ಎದುರು ಕೂತಿದ್ದ ಮುದುಕ ಆರ್ವಲ್, ಕಾಫಿ ಲೋಟದಿಂದ ಕಣ್ಣೆತ್ತದೆ. “ಈ ಮಂಡಿ ಇಟ್ಕೊಂಡು ಆ ಹಿಮದಲ್ಲಿ ಎಲ್ಲಿಂದ ನಡೀಲಿ? ಮನೆಗೆ ಹೋಗ್ಬಿಟ್ಟೆ.”

“ನೀವು ಹೌದು ಅಂತ ವೋಟು ಹಾಕೋರಿದ್ರಲ್ವಾ?”

“ಇನ್ನೇನು ಮತ್ತೆ? ಅಂಗಳದಲ್ಲಿ ನಿನ್ನ ‘ಶಾಲೆಗೆ ಹೌದು ಅನ್ನಿ’ ಬೋರ್ಡು ನೆಟ್ಕೊಂಡಿದ್ದು ಕಾಗೆ ಓಡಿಸೋಕಾ? ನನ್ನ ಹಿಂದಿದ್ದ ಟೋಲ್ಮನ್ ಗಂಡ ಹೆಂಡ್ತಿನೂ ಹಂಗೇ ವಾಪಸ್ ಹೋದ್ರು.”

ಮುಖ್ಯೋಪಾಧ್ಯಾಯಿನಿ ಮಾರ್ಲಿಸ್ ಕಾಫಿ ಅಲ್ಲೇ ಬಿಟ್ಟು ಎದ್ದಳು. ಹೊಸ ಶಾಲೆ ಕಟ್ಟಲು ಬಾಂಡಿನ ಮೇಲೆ ಸಾಲ ಎತ್ತಬೇಕೆಂದರೆ ಅಮೆರಿಕದ ಈ ಇಡಾಹೊ ರಾಜ್ಯದಲ್ಲಿ ಊರವರ ಮೂರರಲ್ಲಿ ಎರಡು ಪಾಲು ವೋಟು ಬೇಕು. ಕಳೆದ ಮಂಗಳವಾರ ಬೆರಳೆಣಿಕೆಯ ವೋಟುಗಳಿಂದ ಅದು ಬಿದ್ದುಹೋಗಿತ್ತು. ಮನೆ ತೆರಿಗೆ ನಾಲ್ಕು ಕಾಸು ಏರುತ್ತದೆಂದು ಮಕ್ಕಳ ಹೊಟ್ಟೆಯ ಮೇಲೆ ಹೊಡೆದರಲ್ಲ ಎಂದು ವಾರವಿಡೀ ಅವಳು ಊರನ್ನೆಲ್ಲ ಮನಸ್ಸಿನಲ್ಲೇ ಬಯ್ದಿದ್ದಳು. ಈಗ ಆ ಬೈಗುಳವೆಲ್ಲ ಅವಳ ಕಡೆಗೇ ತಿರುಗಿತು.

ಬೀಟ್‌ರೂಟ್ ಹೊಲಗಳೆಲ್ಲ ಬಡಾವಣೆಗಳಾದ ಮೇಲೆ ಶಾಲೆ ತುಂಬಿ ತುಳುಕುತ್ತಿತ್ತು. ಊಟದ ಕೋಣೆ ಸಾಲದೆ, ಚಿಕ್ಕ ಮಕ್ಕಳಿಗೆ ಬೆಳಗ್ಗೆ ಹತ್ತಕ್ಕೇ ಮಧ್ಯಾಹ್ನದ ಊಟ. ತರಗತಿಗೆಂದು ಚಕ್ರದ ಮೇಲಿನ ಕೊಠಡಿಗಳನ್ನು ತರಿಸಿದಾಗ, ಅವನ್ನು ಆಟದ ಮೈದಾನದಲ್ಲಿ ಇಡೋಣವೆಂದು ಎಲ್ಲರೂ ಹೇಳಿದ್ದರು. ಮಾರ್ಲಿಸ್ ಒಪ್ಪಲಿಲ್ಲ. “ದೊಡ್ಡೋರು ನಾಲ್ಕು ಹೆಜ್ಜೆ ನಡೆದ್ರೆ ಸವೆದುಹೋಗಲ್ಲ, ಮಕ್ಕಳು ಓಡಬೇಕು,” ಎಂದು ಗಾಡಿ ನಿಲ್ಲಿಸುವ ಜಾಗದಲ್ಲಿ ಇಡಿಸಿದ್ದಳು. ಮತಗಟ್ಟೆ ಯಾವಾಗಲೂ ಶಾಲೆಯ ಜಿಮ್ ಹಾಲಿನಲ್ಲೇ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ತಲೆಗೆ ಹೊಳೆದಿರಲಿಲ್ಲ, ಅಷ್ಟೇ.

ಅವಳು ಶಾಲೆ ಮುಟ್ಟುವಷ್ಟರಲ್ಲಿ ಮತ್ತೊಂದು ಕೊಠಡಿಯನ್ನು ಎಳೆದುಕೊಂಡು ಲಾರಿ ಬಂದು ನಿಂತಿತ್ತು. ಬಾಂಡು ಬಿದ್ದರೆ ಬೇಕಾದೀತೆಂದು ಅವಳೇ ಹೇಳಿಟ್ಟಿದ್ದ ಬಾಡಿಗೆ ಕೊಠಡಿ. ಉಳಿದಿದ್ದ ಒಂದೇ ಸಾಲು ಪಾರ್ಕಿಂಗಿನ ತುದಿಯಲ್ಲಿ ‘ಮತದಾರರಿಗೆ ಮಾತ್ರ’ ಎಂಬ ಫಲಕ ಹಿಮದಲ್ಲಿ ವಾಲಿಕೊಂಡಿತ್ತು.

“ಎಲ್ಲಿ ಇಳಿಸ್ಲಿ ಮೇಡಂ? ಇಲ್ಲೇನಾ?” ಎಂದ ಡ್ರೈವರ್.

“ಇಲ್ಲಿ ಬೇಡ. ನವೆಂಬರಿಗೆ ಮತ್ತೆ ವೋಟಿದೆ.” ಅವಳು ಫಲಕವನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಬಲಗೈಯನ್ನು ಮೈದಾನದ ಕಡೆ ಎತ್ತಿದಳು. “ಅಲ್ಲಿ.”

“ಜೋಕಾಲಿ ಇದೆಯಲ್ರೀ ಅಲ್ಲಿ?”

“ಕೀಳಿಸ್ತೀನಿ.”

ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾಗಿಲು ದೂಡಿಕೊಂಡು ಮಕ್ಕಳು ಟೋಪಿ ಎಳೆದುಕೊಳ್ಳುತ್ತ ಜೋಕಾಲಿಯತ್ತ ಓಡಿದರು.

“ಬಿಡುವು ಮುಗೀಲಿ,” ಎಂದಳು ಮಾರ್ಲಿಸ್.

ಡ್ರೈವರ್ ಇಂಜಿನ್ ಆರಿಸಿದ. ಆಮೇಲೆ ಜೋಕಾಲಿಯ ಸರಪಳಿಗಳ ಕಿರುಗುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು.